ವೇಗಕ್ಕೂ ಒಂದು ಜಾಗ ಉಂಟು, ಅದು ಹೆದ್ದಾರಿ ಅಲ್ಲ

ಬೆಳಿಗ್ಗೆ ಆರೂವರೆ ಆಗುವಾಗ ನಮ್ಮ ಮದ್ರಸಕ್ಕೆ ಮಕ್ಕಳು ಬರಲು ಶುರು ಮಾಡುತ್ತಾರೆ. ಅರ್ಧದಷ್ಟು ಮಕ್ಕಳು ಬರುವುದು ಹೆದ್ದಾರಿಯ ಬದಿಯಲ್ಲೇ. ಅಲ್ಲಿ ಫುಟ್‌ಪಾತ್ ಅಂತ ಏನೂ ಇಲ್ಲ. ಬಿಳಿ ಗೆರೆಯಿಂದ ಆಚೆ ಒಂದೆರಡು ಅಡಿ ಜಾಗ, ಮಳೆಗಾಲದಲ್ಲಿ ಅದೂ ಕೆಸರು. ದೊಡ್ಡವರು ಸಣ್ಣವರ ಕೈ ಹಿಡಿದುಕೊಂಡು ಸಾಲಾಗಿ ಬರುತ್ತಾರೆ.

ಕಳೆದ ತಿಂಗಳು ಒಂದು ದಿನ ನಾವು ಗೇಟಿನ ಹತ್ತಿರ ನಿಂತಿದ್ದೆವು. ಒಂದು ಕಾರು ಪಟಾಕಿ ಸಿಡಿದ ಹಾಗೆ ಸದ್ದು ಮಾಡುತ್ತಾ ಆ ಸಾಲಿನ ಪಕ್ಕದಲ್ಲೇ ಹಾದುಹೋಯಿತು. ನಮ್ಮ ಎದೆ ಧಸಕ್ ಎಂದಿತು. ಮಕ್ಕಳು ಮಾತ್ರ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಓಡಿ ಬಂದು, "ಉಸ್ತಾದ್, ಅದು ಸ್ಟೇಜ್ ಟೂ ಮಾಡಿದ್ದು" ಅಂದ. ನಿನ್ನೆ ಕೊಟ್ಟ ಪಾಠ ಇವತ್ತು ನೆನಪಿರದ ಹುಡುಗ ಅವನು! ಕಾರಿನ ಹೆಸರು, ಇಂಜಿನ್ನು, ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ, ಎಲ್ಲಾ ಬಾಯಿಪಾಠ.

ಸ್ಟೇಜ್ ಟೂ ಅಂದರೆ ಏನೆಂದು ನಾವು ಆಮೇಲೆ ಕೇಳಿ ತಿಳಿದುಕೊಂಡೆವು. ಈಗಿನ ಕಾರಿನ ಇಂಜಿನ್ನನ್ನು ನಡೆಸುವುದು ಒಂದು ಸಣ್ಣ ಕಂಪ್ಯೂಟರ್. ಅದರ ಸಾಫ್ಟ್‌ವೇರ್ ಬದಲಿಸಿದರೆ ಕಂಪೆನಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆ. ಅದು ಮೊದಲ ಹಂತ. ಜೊತೆಗೆ ಹೊಗೆ ಕೊಳವೆಯನ್ನೂ ಗಾಳಿ ಒಳಹೋಗುವ ದಾರಿಯನ್ನೂ ಬದಲಿಸಿದರೆ ಎರಡನೇ ಹಂತ. ಹೊರಗಿನಿಂದ ನೋಡಿದರೆ ಸಾಮಾನ್ಯ ಕಾರು, ಒಳಗೆ ಬೇರೆಯೇ ಪ್ರಾಣಿ.

"ಉಸ್ತಾದರಿಗೆ ಕಾರಿನ ವಿಷಯ ಎಂತಕ್ಕೆ ಮಾರಾಯ್ರೆ?" ಎಂದು ಕೆಲವರು ಕೇಳಬಹುದು. ರಾತ್ರಿ ಹನ್ನೆರಡಕ್ಕೆ ಫೋನ್ ಬರುವುದು ನಮಗೇ. ಅಲಿಫ್, ಬಾ ಕಲಿಸಿದ ಹುಡುಗನ ಜನಾಝಕ್ಕೆ ನಿಂತವರಿಗೆ ಈ ವಿಷಯ ಮಾತಾಡುವ ಹಕ್ಕು ಇದೆ ಎಂದು ನಾವು ಭಾವಿಸುತ್ತೇವೆ.

ಆದರೆ ಬೈಯುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಬೈದು ಬೈದು ನಮಗೂ ಸಾಕಾಗಿದೆ, ಕೇಳಿ ಕೇಳಿ ಹುಡುಗರಿಗೂ ಸಾಕಾಗಿದೆ. ವೇಗದ ಆಸೆ ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿ ಇಡಬೇಕು ಎಂದು ಒಮ್ಮೆ ಸಮಾಧಾನದಲ್ಲಿ ಯೋಚಿಸೋಣ.

ಮೊದಲು ಮಾರುಕಟ್ಟೆ ನೋಡಿ. 2025ರಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿ ಗಾಲ್ಫ್ ಜಿಟಿಐ ಎಂಬ ಕಾರನ್ನು ಭಾರತಕ್ಕೆ ತಂದಿತು. ಬೆಲೆ ಸುಮಾರು 53 ಲಕ್ಷ ರೂಪಾಯಿ, ಶಕ್ತಿ 265 ಪಿಎಸ್. ಅದೇ ವರ್ಷ ಸ್ಕೋಡಾದವರು ಸುಮಾರು 50 ಲಕ್ಷಕ್ಕೆ ಆಕ್ಟೇವಿಯಾ ಆರ್‌ಎಸ್ ತಂದರು. ಬಂದದ್ದೇ ಬೆರಳೆಣಿಕೆಯ ಕಾರುಗಳು, ಕೊಳ್ಳಲು ಜನ ಕಾದು ನಿಂತಿದ್ದರು. ಅಷ್ಟು ದುಡ್ಡಿಲ್ಲದವರಿಗೆ ಹುಂಡೈ ಐ20 ಎನ್ ಲೈನ್ ಉಂಟು, ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಉಂಟು. ಅದೂ ಸಾಲದವರಿಗೆ ಆ ಸ್ಟೇಜ್ ಒನ್, ಸ್ಟೇಜ್ ಟೂ.

ಈ ಆಕರ್ಷಣೆ ಹೊಸತಲ್ಲ. ಗಾಲ್ಫ್ ಜಿಟಿಐ ಮೊದಲು ಮಾರಾಟಕ್ಕೆ ಬಂದದ್ದು 1976ರಲ್ಲಿ, ಜರ್ಮನಿಯಲ್ಲಿ. ಮನೆಮಂದಿ ಓಡಾಡುವ ಸಾದಾ ಕಾರಿಗೆ 110 ಪಿಎಸ್ ಇಂಜಿನ್ ಕೂರಿಸಿದರು. 5,000 ಕಾರು ಮಾರಿದರೆ ಸಾಕು ಎಂದು ಕಂಪೆನಿ ಲೆಕ್ಕ ಹಾಕಿತ್ತು. ಇಂದಿಗೆ 20 ಲಕ್ಷಕ್ಕಿಂತ ಹೆಚ್ಚು ಮಾರಾಟ ಆಗಿದೆ. ಕಾರಣ ಸರಳ. ವಾರವಿಡೀ ಮಕ್ಕಳನ್ನು ಶಾಲೆಗೆ ಬಿಟ್ಟು, ಮಾರ್ಕೆಟಿಗೆ ಹೋಗಿ ಬರುವ ಕಾರೇ ಆದಿತ್ಯವಾರ ರೇಸ್ ಕಾರಿನ ಹಾಗೆ ಓಡುತ್ತದೆ. ದುಡಿದು ದಣಿದ ಮನುಷ್ಯನಿಗೆ ಕಾಲು ಒತ್ತಿದ ಕೂಡಲೇ ಮಾತು ಕೇಳುವ ವಸ್ತು ಒಂದು ಸಿಕ್ಕಿದ ಹಾಗೆ. ಅದರಲ್ಲಿ ಖುಷಿ ಇಲ್ಲ ಎಂದು ನಾವು ಹೇಳಿದರೆ ಸುಳ್ಳಾಗುತ್ತದೆ.

ಪ್ರಶ್ನೆ ಇರುವುದು ಆ ಆದಿತ್ಯವಾರದ ಜಾಗದ ಬಗ್ಗೆ. ಯುರೋಪಿನಲ್ಲಿ ಇಂಥ ಕಾರು ಕೊಂಡವನಿಗೆ ಹತ್ತಿರದಲ್ಲೇ ಒಂದು ರೇಸ್ ಟ್ರ್ಯಾಕ್ ಇರುತ್ತದೆ. ಶುಲ್ಕ ಕಟ್ಟಿ, ತನ್ನದೇ ಕಾರನ್ನು ಅಲ್ಲಿ ಓಡಿಸಿ ಬರಬಹುದು. ಇದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ನಮ್ಮ ದೇಶದಲ್ಲೂ ಇದು ಬೆಳೆಯುತ್ತಿದೆ. ಚೆನ್ನೈ ಹತ್ತಿರದ ಇರುಂಗಾಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ದಿಲ್ಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕೀಟ್, ಇಲ್ಲೆಲ್ಲಾ ಸಾಮಾನ್ಯ ಜನ ತಮ್ಮ ಕಾರು, ಬೈಕುಗಳನ್ನು ಓಡಿಸುವ ದಿನಗಳು ಇರುತ್ತವೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಾರಿನ ಹುಚ್ಚು. ಪೆರ್ನಾಲ್ ರಜೆಗೆ ಊರಿಗೆ ಬಂದಾಗ ಅವನ ಉಮ್ಮ ನಮ್ಮಲ್ಲಿಗೆ ಕಳಿಸಿದ್ದರು, "ಸ್ವಲ್ಪ ಬುದ್ಧಿ ಹೇಳಿ ಉಸ್ತಾದ್" ಎಂದು. ಬುದ್ಧಿ ಹೇಳಲು ಕೂತ ನಾವು ಅವನ ಮಾತು ಕೇಳುತ್ತಾ ಕೂತೆವು. ಎರಡು ತಿಂಗಳ ಹಿಂದೆ ಅವನು ಕೊಯಮತ್ತೂರಿನ ಟ್ರ್ಯಾಕಿಗೆ ಹೋಗಿ ಬಂದಿದ್ದ.

ಅವನು ಹೇಳಿದ್ದು ಹೀಗೆ. ಬೆಳಿಗ್ಗೆ ಹೋದ ಕೂಡಲೇ ಕಾರಿನ ತಪಾಸಣೆ. ಟಯರ್, ಬ್ರೇಕ್, ಬೆಲ್ಟ್ ನೋಡುತ್ತಾರೆ. ಕಾಲಡಿಯ ಮ್ಯಾಟ್, ನೀರಿನ ಬಾಟ್ಲಿ, ಡಿಕ್ಕಿಯ ಸ್ಟೆಪ್ನಿ, ಸಡಿಲವಾಗಿರುವ ಏನನ್ನೂ ಒಳಗೆ ಇಡುವಂತಿಲ್ಲ. ಹೆಲ್ಮೆಟ್ ಕಡ್ಡಾಯ, ಕಾರಿನಲ್ಲೂ. ಆಮೇಲೆ ಎಲ್ಲರನ್ನೂ ಕೂರಿಸಿ ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ನಿಧಾನ ಮಾಡು, ಓವರ್‌ಟೇಕ್ ಬೇಡ. ನೀಲಿ ಅಂದರೆ ಹಿಂದೆ ವೇಗದವನಿದ್ದಾನೆ, ದಾರಿ ಬಿಡು. ಕೆಂಪು ಅಂದರೆ ಎಲ್ಲರೂ ನಿಲ್ಲಿಸಬೇಕು. ಕಪ್ಪು ತೋರಿಸಿದರೆ ತಪ್ಪು ನಿನ್ನದೇ, ಹೊರಗೆ ಬಾ. ಹೊಸಬರು, ಅನುಭವ ಇದ್ದವರು ಬೇರೆ ಬೇರೆ ಗುಂಪು. ಒಂದು ಸರದಿಗೆ ಹದಿನೈದಿಪ್ಪತ್ತು ನಿಮಿಷ ಅಷ್ಟೆ. ಓವರ್‌ಟೇಕ್ ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈ ಸನ್ನೆ ಮಾಡಿದ ಮೇಲೆ.

"ಮದ್ರಸಕ್ಕಿಂತ ಕಟ್ಟುನಿಟ್ಟು ಉಸ್ತಾದ್" ಎಂದು ನಕ್ಕ.

ನಾಲ್ಕೈದು ಸುತ್ತು ಆಗುವಾಗ ಅವನ ಬ್ರೇಕ್ ಪೆಡಲ್ ಮೆತ್ತಗಾಯಿತಂತೆ. ಮತ್ತೆ ಮತ್ತೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅದರೊಳಗಿನ ದ್ರವ ಕುದಿಯುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಊರಿನ ರಸ್ತೆಯಲ್ಲಿ ಹತ್ತು ವರ್ಷ ಓಡಿಸಿದರೂ ಗೊತ್ತಾಗದ ವಿಷಯ. ಅವನು ತಿರುವಿನಿಂದ ಹೊರಗೆ ಜಾರಿದ. ಅಲ್ಲಿ ಮರ ಇರಲಿಲ್ಲ, ಕರೆಂಟ್ ಕಂಬ ಇರಲಿಲ್ಲ, ಬಸ್ಸಿಗೆ ಕಾಯುವವರು ಇರಲಿಲ್ಲ. ಖಾಲಿ ಜಾಗ ಇತ್ತು, ಅದರಾಚೆ ಟಯರಿನ ಗೋಡೆ. ಮಣ್ಣು ತುಂಬಿದ ಕಾರು ತೆಗೆದುಕೊಂಡು ವಾಪಸ್ ಬಂದ. ಅದೇ ದಿನ, ಏನೂ ಬದಲಾವಣೆ ಮಾಡದ ಸಾದಾ ಸ್ವಿಫ್ಟ್‌ನಲ್ಲಿ ಬಂದ ಐವತ್ತು ದಾಟಿದ ಒಬ್ಬರು ಇವನನ್ನು ಎರಡು ಸಲ ಹಿಂದೆ ಹಾಕಿದರು.

"ನಾನು ಓಡಿಸುವುದರಲ್ಲಿ ಹುಲಿ ಅಂತ ಇದ್ದೆ. ಅಲ್ಲಿ ಎಲ್ಲಾ ಇಳಿದುಹೋಯ್ತು. ಈಗ ಹೆದ್ದಾರಿಯಲ್ಲಿ 80 ದಾಟುವಾಗ, ಇಲ್ಲಿ ಜಾರಿದರೆ ಎಲ್ಲಿಗೆ ಹೋಗುತ್ತೇನೆ ಅಂತ ನೋಡ್ತೇನೆ. ಹೋಗ್ಲಿಕ್ಕೆ ಜಾಗವೇ ಇಲ್ಲ ಉಸ್ತಾದ್" ಎಂದ. ನಾವು ಇಷ್ಟು ವರ್ಷ ಹೇಳಿದ ಬುದ್ಧಿಮಾತಿಗಿಂತ ಆ ಒಂದು ದಿನ ಅವನಿಗೆ ಹೆಚ್ಚು ಕಲಿಸಿದೆ. ಒಪ್ಪಿಕೊಳ್ಳಬೇಕಾದ್ದೇ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1903ರಲ್ಲಿ ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ಸಾರ್ವಜನಿಕ ರಸ್ತೆಯಲ್ಲೇ ಕಾರ್ ರೇಸ್ ಇಟ್ಟರು. ಓಡಿಸುವವರೂ ಸತ್ತರು, ನೋಡಲು ನಿಂತವರೂ ಸತ್ತರು. ರೆನೋ ಕಂಪೆನಿ ಸ್ಥಾಪಿಸಿದ ಸಹೋದರರಲ್ಲಿ ಒಬ್ಬರಾದ ಮಾರ್ಸೆಲ್ ರೆನೋ ಸತ್ತದ್ದೂ ಆ ರೇಸಿನಲ್ಲೇ. ಫ್ರಾನ್ಸ್ ಸರಕಾರ ರೇಸನ್ನು ಬೋರ್ಡೋ ನಗರದಲ್ಲೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ ರಸ್ತೆಯ ವೇಗಮಿತಿ ಗಂಟೆಗೆ 20 ಮೈಲಿ ಇತ್ತು, ಹಾಗಾಗಿ 1907ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಕಾರಿಗೆಂದೇ ಟ್ರ್ಯಾಕ್ ಕಟ್ಟಿದರು. ಜರ್ಮನಿಯ ಐಫೆಲ್ ಗುಡ್ಡಗಾಡಿನಲ್ಲಿ ಹಳ್ಳಿ ರಸ್ತೆಗಳಲ್ಲಿ ನಡೆಯುತ್ತಿದ್ದ ರೇಸ್ ಅಪಾಯ ಎಂದು ಕಂಡಾಗ ನ್ಯೂರ್‌ಬರ್ಗ್‌ರಿಂಗ್ ಕಟ್ಟಿದರು. 1927ರಲ್ಲಿ ಅದು ತೆರೆಯಿತು. ಅದರ 20.8 ಕಿ.ಮೀ. ಉದ್ದದ ಸುತ್ತಿನಲ್ಲಿ ಇಂದಿಗೂ ಯಾರು ಬೇಕಾದರೂ ದುಡ್ಡು ಕೊಟ್ಟು ಓಡಿಸಬಹುದು. ವಿಶೇಷ ಎಂದರೆ, ಸಾರ್ವಜನಿಕರು ಓಡಿಸುವ ಹೊತ್ತಿನಲ್ಲಿ ಅಲ್ಲಿ ಜರ್ಮನಿಯ ರಸ್ತೆ ಕಾನೂನೇ ನಡೆಯುತ್ತದೆ. ಬಲಬದಿಯಿಂದ ಓವರ್‌ಟೇಕ್ ಮಾಡುವಂತಿಲ್ಲ, ಸುತ್ತಿನ ಸಮಯ ಅಳೆಯುವಂತಿಲ್ಲ.

ನಮ್ಮ ಕಡೆ ಮದ್ರಾಸ್ ಹತ್ತಿರದ ಶೋಳಾವರಂನಲ್ಲಿ ಯುದ್ಧಕಾಲದ ಹಳೆಯ ವಿಮಾನ ಪಟ್ಟಿಯಲ್ಲಿ ರೇಸ್ ನಡೆಯುತ್ತಿತ್ತು. 1990ರಲ್ಲಿ ಇರುಂಗಾಟುಕೋಟೈಯಲ್ಲಿ ಸರಿಯಾದ ಟ್ರ್ಯಾಕ್ ಆಯಿತು. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಜನರ ಓಡಾಟ ಬಂದ್ ಮಾಡಿದ ದಾರಿಯಲ್ಲಿ ರ‍್ಯಾಲಿ ನಡೆಯುವುದನ್ನು ನಾವು ಕಂಡಿದ್ದೇವೆ. ಎಲ್ಲಾ ಕಡೆ ಪಾಠ ಒಂದೇ. ವೇಗ ಬೇಕಿದ್ದರೆ ಅದಕ್ಕೆ ಬೇರೆ ಜಾಗ ಮಾಡು, ನಡೆದು ಹೋಗುವವನ ಜಾಗಕ್ಕೆ ಬರಬೇಡ.

ನಮ್ಮ ಹುಡುಗರು ಓದಿದ ಹದೀಸ್‌ನಲ್ಲೂ ಇದರ ಸುಳಿವು ಉಂಟು. ಪ್ರವಾದಿಯವರ (ಸ) ಕಾಲದಲ್ಲಿ ಮದೀನಾದಲ್ಲಿ ಕುದುರೆ ಓಟ ನಡೆಯುತ್ತಿತ್ತು. ತರಬೇತಿ ಪಡೆದ ಕುದುರೆಗಳಿಗೆ ಉದ್ದದ ದಾರಿ, ತರಬೇತಿ ಇಲ್ಲದವುಗಳಿಗೆ ಸಣ್ಣ ದಾರಿ. ಎಲ್ಲಿಂದ ಎಲ್ಲಿಗೆ ಎಂಬುದೂ ಮೊದಲೇ ನಿಗದಿ. ಆ ಓಟದಲ್ಲಿ ಇಬ್ನು ಉಮರ್ (ರ) ಅವರೂ ಇದ್ದರು. ಅಂದರೆ ಓಟದ ಆಸೆಯನ್ನು ಅಲ್ಲಿ ಅದುಮಿಡಲಿಲ್ಲ, ಗುಂಪು ಮಾಡಿ ಗಡಿ ಹಾಕಿ ಕೊಟ್ಟರು. ಕೊಯಮತ್ತೂರಿನಲ್ಲಿ ಹೊಸಬರಿಗೆ ಒಂದು ಗುಂಪು, ಪಳಗಿದವರಿಗೆ ಇನ್ನೊಂದು ಎಂದು ಕೇಳಿದಾಗ ನಮಗೆ ತಟ್ಟನೆ ನೆನಪಾದದ್ದು ಇದೇ.

ಈಗ ರಸ್ತೆಗೆ ಬರೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 71ರಷ್ಟು ಸಾವು ಅತಿವೇಗದ ಲೆಕ್ಕಕ್ಕೆ ಸೇರಿದೆ. ಸತ್ತವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಬರೇ ನಡೆದು ಹೋಗುತ್ತಿದ್ದವರು. ಅವರ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ, ಅವರು ಯಾವ ಥ್ರಿಲ್ಲೂ ಬೇಡಿರಲಿಲ್ಲ.

ಲೆಕ್ಕ ಸುಲಭ. 60ರಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಒಟ್ಟು ಸುಮಾರು 37 ಮೀಟರಿನಲ್ಲಿ ನಿಲ್ಲುತ್ತದೆ. 120ರಲ್ಲಿ? ಸುಮಾರು 113 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ರಾತ್ರಿ ಟರ್ಫ್‌ನಲ್ಲಿ ಆಡುವ ನಮ್ಮ ಹುಡುಗರಿಗೆ ಅರ್ಥ ಆಗುವ ಹಾಗೆ ಹೇಳುವುದಾದರೆ, ಪೂರಾ ಫುಟ್‌ಬಾಲ್ ಮೈದಾನದ ಆ ಗೋಲಿನಿಂದ ಈ ಗೋಲಿನವರೆಗೂ ಸಾಲುವುದಿಲ್ಲ. ನಮ್ಮ ಕರಾವಳಿಯ ಮಳೆಯಲ್ಲಿ ಇನ್ನೂ ಹೆಚ್ಚು ಬೇಕು.

2024ರ ಮೇ 19ರಂದು ಪುಣೆಯಲ್ಲಿ ನಡೆದದ್ದು ಓದುಗರು ಮರೆತಿರಲಿಕ್ಕಿಲ್ಲ. 17 ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ಪೋರ್ಷೆ ಕಾರು ಡಿಕ್ಕಿಯಾಗಿ ಬೈಕಿನಲ್ಲಿದ್ದ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಮೊದಲು ಸಿಕ್ಕಿದ ಜಾಮೀನಿನ ಷರತ್ತಿನಲ್ಲಿ 300 ಪದಗಳ ಪ್ರಬಂಧ ಬರೆಯುವುದೂ ಸೇರಿತ್ತು. ದೇಶಕ್ಕೆ ದೇಶವೇ ಸಿಟ್ಟಾಯಿತು. ನಾವೂ ಆ ಶ್ರೀಮಂತ ಮನೆಯವರನ್ನು ಬೈದೆವು. ಆದರೆ ಪಿಯುಸಿ ಪಾಸಾದ ಮಗನಿಗೆ ಲೈಸೆನ್ಸ್ ಬರುವ ಮೊದಲೇ ಬೈಕಿನ ಕೀ ಕೊಡುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿವೆ? ಬೆಲೆ ಬೇರೆ, ತಪ್ಪು ಒಂದೇ.

ಕಾನೂನು ಏನು ಹೇಳುತ್ತದೆ ಎಂದೂ ತಿಳಿದಿರಲಿ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ಮಕ್ಕಳು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೋ ವಾಹನದ ಮಾಲಕರಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಒಪ್ಪದ ಬದಲಾವಣೆಯನ್ನು ವಾಹನಕ್ಕೆ ಮಾಡಿಸಿದ ಮಾಲಕನಿಗೆ 6 ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ.

ಇನ್ನೂ ಒಂದು ವಿಷಯ ಮನೆಯವರು ಕೇಳಿಸಿಕೊಳ್ಳಬೇಕು. ನಮ್ಮ ಸಾಮಾನ್ಯ ವಾಹನ ವಿಮೆಯ ಪಾಲಿಸಿಯಲ್ಲೇ ರೇಸ್, ವೇಗ ಪರೀಕ್ಷೆಗೆ ಬಳಸಿದರೆ ವಿಮೆ ಇಲ್ಲ ಎಂದು ಬರೆದಿರುತ್ತದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಹೈಕೋರ್ಟಿನ ತೀರ್ಪಿಗೆ ಕೈ ಹಾಕಲು ಒಪ್ಪಲಿಲ್ಲ. ಸ್ವತಃ ಅತಿವೇಗದಿಂದ ಬೇಜವಾಬ್ದಾರಿಯಾಗಿ ಓಡಿಸಿ ಸತ್ತವನ ಕುಟುಂಬಕ್ಕೆ ವಿಮಾ ಕಂಪೆನಿಯಿಂದ ಪರಿಹಾರ ಇಲ್ಲ ಎಂಬುದು ಆ ತೀರ್ಪು. ಮಗನೂ ಹೋದ, ಸಾಲ ಉಳಿಯಿತು, ಪರಿಹಾರವೂ ಇಲ್ಲ. ಆ ಮನೆಯ ಉಮ್ಮನ ಮುಂದೆ ಕೂತು ಏನು ಹೇಳುವುದು?

ಗಲ್ಫಿನಲ್ಲಿರುವ ನಮ್ಮವರಿಗೂ ಒಂದು ಮಾತು. ದುಬೈ ಆಟೋಡ್ರೋಮ್ 2004ರಿಂದ ಉಂಟು, ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕ್ 2009ರಿಂದ. ವೇಗದ ಹುಚ್ಚಿದ್ದವರು ಅಲ್ಲಿ ದುಡ್ಡು ಕೊಟ್ಟು ಆಸೆ ತೀರಿಸಿಕೊಳ್ಳುತ್ತಾರೆ. ಯಾಸ್ ಟ್ರ್ಯಾಕನ್ನು ಕೆಲವು ಸಂಜೆ ನಡೆಯುವವರಿಗೆ, ಸೈಕಲ್‌ನವರಿಗೆ ಉಚಿತವಾಗಿಯೇ ಬಿಟ್ಟುಕೊಡುತ್ತಾರೆ. ರಸ್ತೆಯಲ್ಲಿ ಹುಚ್ಚಾಟ ಆಡಿ ಕಾರು ಜಪ್ತಿಯಾದರೆ ಬಿಡಿಸಿಕೊಳ್ಳಲು 50,000 ದಿರ್ಹಮ್ ಎಂದು 2023ರಲ್ಲಿ ದುಬೈ ಆದೇಶ ಮಾಡಿತು. ಹಾಗಾಗಿ ಅಲ್ಲಿ ನಮ್ಮ ಹುಡುಗ ಗೆರೆ ದಾಟುವುದಿಲ್ಲ. ಅದೇ ಹುಡುಗ ಒಂದು ತಿಂಗಳ ರಜೆಗೆ ಬಂದು ಬಾಡಿಗೆ ಕಾರು ಹಿಡಿದರೆ ತಲಪಾಡಿಯಿಂದ ಸುರತ್ಕಲ್‌ವರೆಗೂ ಅವನದೇ ರಾಜ್ಯ. ದಂಡಕ್ಕೆ ಹೆದರಿ ಬಂದ ಶಿಸ್ತು ವಿಮಾನ ಹತ್ತುವಾಗಲೇ ಕಳಚಿ ಹೋಗುತ್ತದೆ ಎಂದಾಯಿತು.

ಟ್ರ್ಯಾಕ್ ಅಂದರೆ ಅಪಾಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. 2023ರ ಆಗಸ್ಟಿನಲ್ಲಿ ಚೆನ್ನೈ ಟ್ರ್ಯಾಕಿನ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಪ್ರಾಣ ಕಳೆದುಕೊಂಡ. ಅದು ಟ್ರ್ಯಾಕ್ ಡೇ ಅಲ್ಲ, ಸ್ಪರ್ಧೆ. ಆದರೂ ಆ ಮನೆಯ ದುಃಖ ದುಃಖವೇ. ಟ್ರ್ಯಾಕಿಗೆ ಹೋಗುವವನು ತನ್ನ ಜವಾಬ್ದಾರಿ ಎಂದು ಸಹಿ ಹಾಕಿಯೇ ಒಳಗೆ ಹೋಗುತ್ತಾನೆ. ಖರ್ಚೂ ಕಡಿಮೆ ಅಲ್ಲ. ಶುಲ್ಕ, ಪೆಟ್ರೋಲು, ಒಂದೇ ದಿನದಲ್ಲಿ ಸವೆಯುವ ಟಯರು, ಬ್ರೇಕ್ ಪ್ಯಾಡು. ಸಾಲ ಮಾಡಿ ಮಾಡುವ ಶೋಕಿ ಇದಲ್ಲ. ಒಂದು ದಿನ ಟ್ರ್ಯಾಕಿಗೆ ಹೋಗಿ ಬಂದು, ನಾನು ರೇಸರ್ ಎಂದು ಮತ್ತೂ ಮೆರೆಯುವವರೂ ಇದ್ದಾರೆ. ಆದರೆ ಒಂದು ವ್ಯತ್ಯಾಸ ನೋಡಿ. ಅಲ್ಲಿರುವವರೆಲ್ಲಾ ಅಪಾಯ ಗೊತ್ತಿದ್ದು ಬಂದವರು. ಹೆದ್ದಾರಿ ಬದಿಯಲ್ಲಿ ಬರುವ ಮದ್ರಸದ ಮಗು, ಬೀಡಿ ಕೊಟ್ಟು ಬರಲು ಹೋಗುವ ಹೆಂಗಸು, ಮೀನಿನ ಬುಟ್ಟಿ ಹೊತ್ತವರು, ಇವರು ಯಾರೂ ಯಾವ ಕಾಗದಕ್ಕೂ ಸಹಿ ಹಾಕಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಒಂದು, ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬರುವ ಮೊದಲು ಕೀ ಕೊಡುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನ ಮಾಡುವುದು. ಬಾಪ ಗಲ್ಫಿನಲ್ಲಿದ್ದರೂ ಫೋನಿನಲ್ಲಿ ಈ ಮಾತು ಗಟ್ಟಿಯಾಗಿ ಹೇಳಬೇಕು. ಎರಡು, ಮದುವೆಯ ದಿಬ್ಬಣದಲ್ಲಿ, ರಮಳಾನ್ ರಾತ್ರಿಗಳಲ್ಲಿ ತರಾವೀಹ್ ಮುಗಿದ ಮೇಲೆ ನಡೆಯುವ ಬೈಕ್ ಓಟವನ್ನು ಜಮಾಅತ್ ಕಮಿಟಿಗಳು ನೋಡಿಯೂ ನೋಡದ ಹಾಗೆ ಇರಬಾರದು. ಮೂರು, ಆಸೆ ಇದ್ದವನಿಗೆ ದಾರಿ ತೋರಿಸುವುದು. ನಮ್ಮ ಕರಾವಳಿಯಲ್ಲಿ ಚೆನ್ನೈ, ಕೊಯಮತ್ತೂರಿನಂಥ ಟ್ರ್ಯಾಕ್ ಇಲ್ಲ. ಆದರೆ ಕೋನ್ ಇಟ್ಟು, ಒಬ್ಬೊಬ್ಬರಾಗಿ ಓಡಿಸುವ ಆಟೋಕ್ರಾಸ್‌ಗೆ ಒಂದು ದೊಡ್ಡ ಬಯಲು, ಪೊಲೀಸರ ಅನುಮತಿ, ಒಂದು ಆಂಬುಲೆನ್ಸ್, ತಿಳಿದವರ ಮೇಲುಸ್ತುವಾರಿ ಇದ್ದರೆ ಆಗುತ್ತದೆ. ವಾಲಿಬಾಲ್, ಕಬಡ್ಡಿ ಪಂದ್ಯ ಮಾಡುವ ನಮ್ಮ ಯುವಕ ಸಂಘಗಳಿಗೆ ಇದೇನೂ ಅಸಾಧ್ಯ ಅಲ್ಲ. ನಾಲ್ಕು, ಹೆದ್ದಾರಿ ಬದಿಯ ಶಾಲೆ, ಮದ್ರಸಗಳ ಮುಂದೆ ಫುಟ್‌ಪಾತ್ ಮತ್ತು ಬ್ಯಾರಿಕೇಡ್‌ಗೆ ಎಲ್ಲಾ ಊರಿನವರೂ, ಎಲ್ಲಾ ಸಮುದಾಯದವರೂ ಒಟ್ಟಾಗಿ ಅರ್ಜಿ ಕೊಡುವುದು. ಕಾರಿಗೆ ಯಾರು ಸಿಕ್ಕಿದರೂ ಒಂದೇ.

ನಮ್ಮ ಆ ಹಳೆಯ ವಿದ್ಯಾರ್ಥಿಯನ್ನು ಮುಂದಿನ ತಿಂಗಳು ಬರಲು ಹೇಳಿದ್ದೇವೆ. ದೊಡ್ಡ ಕ್ಲಾಸಿನ ಹುಡುಗರ ಎದುರು ಕೂತು ತನ್ನ ಬ್ರೇಕ್ ಕುದಿದ ಕತೆ ಹೇಳಬೇಕು, ಮಣ್ಣು ತುಂಬಿದ ಕಾರಿನ ಫೋಟೊ ತೋರಿಸಬೇಕು. ಮೊದಲು ನಾಚಿದ, ಆಮೇಲೆ ಒಪ್ಪಿದ. ಅಲ್ಲಿಯವರೆಗೆ ನಾವು ದಿನಾ ಬೆಳಿಗ್ಗೆ ಆರೂಕಾಲಿಗೇ ಹೋಗಿ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದೇವೆ. ಆ ಹೊತ್ತಿಗೆ ಆ ದಾರಿಯಲ್ಲಿ ಹೋಗುವವರು ನಮ್ಮನ್ನು ಕಂಡರೆ ದಯವಿಟ್ಟು ಸ್ವಲ್ಪ ನಿಧಾನ ಮಾಡಿ.